ಅಂಟಿಸಿದ ಹಲಗೆಯ ಪರೀಕ್ಷೆ ಮತ್ತು ನಮ್ಮ ಅಡಿಕೆ ಸಿಪ್ಪೆ



ಕೊಳೆರೋಗ, ಧಾರಣೆ, ಸಾಲದ ಕಂತು, ಗೊಬ್ಬರದ ಸರಬರಾಜು ಇಷ್ಟನ್ನೂ ಬದಿಗಿಟ್ಟು ನಮ್ಮ ವಾರ್ತಾಪತ್ರದಲ್ಲಿ ಮೋಟಾರು ಕಾರಿನ ಮೈಹಲಗೆಯ ವಿಚಾರ ಬರೆಯಹೊರಟಿರುವುದನ್ನು ಕಂಡು ಹಲವರು ಹುಬ್ಬೇರಿಸಬಹುದು. ಹಾನಗಲ್ಲ, ಹಿರೇಕೆರೂರ ತಾಲ್ಲೂಕುಗಳ ತೋಟಿಗನಿಗೂ ಕಾರಿನ ಬಾಗಿಲಿಗೂ ಎಲ್ಲಿಯ ಸಂಬಂಧ? ಈ ಸಂಬಂಧವನ್ನು ನಾನು ಕಟ್ಟಿದ್ದಲ್ಲ. ಅದು ತಾನಾಗಿಯೇ ನಮ್ಮ ಅಂಗಳಕ್ಕೆ ಬಂದು ನಿಂತಿದೆ.

ಕಳೆದ ಸುಗ್ಗಿಯಲ್ಲಿ ನಮ್ಮೂರಿಗೆ ಒಬ್ಬ ಮಹನೀಯರು ಬಂದಿದ್ದರು. ಚೀಲದಿಂದ ಶಾಲಾ ಪಾಟಿಯಷ್ಟು ದೊಡ್ಡದಾದ ಒಂದು ಕಂದು ಹಲಗೆಯನ್ನು ತೆಗೆದು ಕಟ್ಟೆಯ ಮೇಲಿಟ್ಟರು. ನುಣುಪಾಗಿತ್ತು, ಮಿರುಗುತ್ತಿತ್ತು, ಹಗುರಾಗಿತ್ತು. ಅಡಿಕೆ ಸಿಪ್ಪೆಯ ನಾರು ಮತ್ತು ರಾಳದಿಂದ ಮಾಡಿದ್ದು, ಇನ್ನು ಮೇಲೆ ಕಾರಿನ ಬಾಗಿಲ ಹಲಗೆ, ಬಸ್ಸಿನ ಒಳಮಾಡು ಎಲ್ಲವೂ ಇದರಿಂದಲೇ, ಸಿಪ್ಪೆಗೆ ಬಂಗಾರದ ಬೆಲೆ ಬರುತ್ತದೆ ಎಂದರು. ಆದರೆ ನಾರು ಬಿಡಿಸುವ ಯಂತ್ರಕ್ಕೆ ಬೆಳೆಗಾರರೇ ಕೂಡಿ ಠೇವಣಿ ಹಾಕಬೇಕು, ಸಿಪ್ಪೆ ಕೊಡುವುದಾಗಿ ಕರಾರು ಬರೆದುಕೊಡಬೇಕು. ಹಲಗೆ ಕೈಯಿಂದ ಕೈಗೆ ಹೋಯಿತು. ಒಬ್ಬರು ಸವರಿ ನೋಡಿದರು, ಒಬ್ಬರು ಅಂಗೈಯಲ್ಲಿ ತೂಗಿ ನೋಡಿದರು. ಭಾರಿ ಚಲೋ ಅದ ಎಂದು ಎಲ್ಲರೂ ಅಂದೆವು. ಇದನ್ನು ಯಾರು, ಎಲ್ಲಿ, ಹೇಗೆ ಪರೀಕ್ಷೆ ಮಾಡಿದ್ದಾರೆ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೇಳಬೇಕಾಗಿತ್ತು ಎಂದು ನನಗೆ ಹೊಳೆದದ್ದು ಎರಡು ತಿಂಗಳ ನಂತರ, ಸ್ವಂತ ಖರ್ಚಿನಲ್ಲಿ. ನಮ್ಮ ಪಿಕಪ್ ಗಾಡಿಯ ಹಿಂಭಾಗಕ್ಕೆ ಒಂದು ಫೈಬರ್ ಮಾಡು ಕಟ್ಟಿಸಿದ್ದೆ, ಅಡಿಕೆ ಚೀಲ ಮಳೆಗೆ ನೆನೆಯಬಾರದೆಂದು. ಕಟ್ಟಿದವರ ಹೆಸರು ಇಲ್ಲಿ ಬೇಡ. ಮೇಲಿನ ಚಿಪ್ಪು ಒಂದು, ಒಳಗಿನ ಚಿಪ್ಪು ಒಂದು, ಎರಡನ್ನೂ ಅಂಚಿನಲ್ಲಿ ಅಂಟಿನಿಂದ ಕೂಡಿಸಿದ್ದರು. ಬಣ್ಣ ಹಚ್ಚಿ ನಿಲ್ಲಿಸಿದಾಗ ಕಂಪನಿಯ ಗಾಡಿಯಂತೆಯೇ ಕಾಣುತ್ತಿತ್ತು. ಬೇಸಿಗೆಯ ಬಿಸಿಲನ್ನು ತಿಂದು, ಮೊದಲ ಎರಡು ಮಳೆಯಲ್ಲಿ ನೆಂದು, ಮೂರನೆಯ ವಾರ ಶಿರಸಿಗೆ ಮಾಲು ಒಯ್ಯುವಾಗ ಏರುದಾರಿಯಲ್ಲಿ ಎಡ ಅಂಚು ಬಾಯಿ ಬಿಟ್ಟಿತು. ಗಾಳಿ ಒಳಹೊಕ್ಕು ಮೇಲಿನ ಚಿಪ್ಪು ಎದ್ದು ರಸ್ತೆಗೆ ಬಿತ್ತು. ಹಿಂದೆ ಬೈಕಿನಲ್ಲಿ ಬರುತ್ತಿದ್ದ ಹುಡುಗ ಒಂದು ಮಾರು ದೂರದಲ್ಲಿದ್ದ, ಉಳಿದ.

ಬಿದ್ದ ಚಿಪ್ಪನ್ನು ಎತ್ತಿ ಅಂಚನ್ನು ನೋಡಿದೆ. ಅಂಟು ಪೂರಾ ಒಂದೇ ಬದಿಗೆ ಉಳಿದಿತ್ತು. ಇನ್ನೊಂದು ಬದಿ ತೊಳೆದಿಟ್ಟ ತಟ್ಟೆಯ ಹಾಗೆ ಚೊಕ್ಕಟ. ಎರಡು ತಿಂಗಳು ಆ ಎರಡು ಚಿಪ್ಪುಗಳು ಅಂಟಿಕೊಂಡಿರಲೇ ಇಲ್ಲ, ಬರೀ ಒತ್ತಿಕೊಂಡು ಕುಳಿತಿದ್ದವು. ಕಾರ್ಖಾನೆಗಳಲ್ಲಿ ಇದನ್ನು ಹೇಗೆ ಪತ್ತೆ ಹಚ್ಚುತ್ತಾರೆ ಎಂದು ಅಂದಿನಿಂದ ಬಲ್ಲವರನ್ನು ಕೇಳಿ, ಓದಿ, ಒಂದಿಷ್ಟು ತಿಳಿದುಕೊಂಡೆ. ಅದನ್ನೇ ಬಂಧುಗಳ ಮುಂದಿಡುತ್ತಿದ್ದೇನೆ.

ಮೊದಲು ವಸ್ತು ಯಾವುದು ಎಂಬುದು. ನಮ್ಮ ಹಿರಿಯರು ಮಣ್ಣಿನ ಗೋಡೆಗೆ ಕೆಸರು ತುಳಿಯುವಾಗ ಹುಲ್ಲು ಬೆರೆಸುತ್ತಿದ್ದರು. ಎಳೆತವನ್ನು ಹುಲ್ಲು ತಡೆಯುತ್ತದೆ, ಹುಲ್ಲನ್ನು ಮಣ್ಣು ಹಿಡಿದುಕೊಂಡಿರುತ್ತದೆ. ಈ ಮಿಶ್ರ ಹಲಗೆಯೂ ಅದೇ. ಹುಲ್ಲಿನ ಬದಲು ಗಾಜಿನ ಎಳೆ ಅಥವಾ ಇಂಗಾಲದ ಎಳೆ, ಮಣ್ಣಿನ ಬದಲು ರಾಳ. ಕಬ್ಬಿಣದ ತಗಡಿಗಿಂತ ಹಗುರ, ತುಕ್ಕು ಹಿಡಿಯುವುದಿಲ್ಲ. ಆದರೆ ಬೆಸುಗೆ ಹಾಕಲು ಬರುವುದಿಲ್ಲ. ತೂತು ಕೊರೆದು ಬೋಲ್ಟು ಬಿಗಿದರೆ ಭಾರವೆಲ್ಲ ಆ ತೂತಿನ ಸುತ್ತ ನಿಂತು ಸೀಳುವ ಭಯ. ಆದ್ದರಿಂದ ಅಂಟು. ಕಾರಿನ ಬಾನೆಟ್ಟು, ಡಿಕ್ಕಿಯ ಬಾಗಿಲು ಮೊದಲಾದವುಗಳಿಗೆ ಹೊರ ಚಿಪ್ಪು, ಒಳ ಚಿಪ್ಪು ಎರಡನ್ನೂ ಬೇರೆ ಬೇರೆ ಅಚ್ಚಿನಲ್ಲಿ ಒತ್ತಿ, ಅಂಚಿನುದ್ದಕ್ಕೂ ಅಂಟಿನ ಎಳೆ ಎಳೆದು ಕೂಡಿಸುತ್ತಾರೆ.

ಇದು ಹೊರದೇಶದ ಕಥೆ ಮಾತ್ರವಲ್ಲ. ಅಮೆರಿಕೆಯಲ್ಲಿ 1953ರಲ್ಲಿ ಕಾರ್ವೆಟ್ ಕಾರು ಗಾಜಿನೆಳೆಯ ಮೈಯೊಂದಿಗೆ ಹೊರಬಂದದ್ದು ನಿಜ. ಆದರೆ ನಮ್ಮ ಬೆಂಗಳೂರೂ ಬಹಳ ಹಿಂದೆ ಉಳಿದಿರಲಿಲ್ಲ. 1970ರ ದಶಕದಲ್ಲೇ ಅಲ್ಲಿ ಬಾದಲ್ ಎಂಬ ಮೂರು ಗಾಲಿಯ ಫೈಬರ್ ಕಾರು ತಯಾರಾಯಿತು. 1982ರಲ್ಲಿ ಸಿಪಾನಿ ಕಂಪನಿಯ ಡಾಲ್ಫಿನ್ ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಮಾದರಿ ಅದು. ಎರಡು ಬಾಗಿಲು, 848 ಸಿ.ಸಿ. ಎಂಜಿನು, ಉಕ್ಕಿನ ಚೌಕಟ್ಟಿನ ಮೇಲೆ ಫೈಬರ್ ಮೈ. ಹಗುರಾದ್ದರಿಂದ ಓಟ ಚುರುಕು, ರ್‍ಯಾಲಿ ಸ್ಪರ್ಧೆಗಳಲ್ಲೂ ಓಡಿತು. ಮುಂದೆ ಅದೇ ಕಂಪನಿ ಮೊಂಟಾನಾ ಎಂಬ ದೊಡ್ಡ ಕಾರನ್ನೂ ತಂದಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಡಾಲ್ಫಿನ್ನಿಗೆ ದಾರಿ ಕಿರಿದಾಯಿತು. ಬೆಲೆ, ಸರ್ವಿಸು, ಹೆಸರು ಹೀಗೆ ಹಲವು ಕಾರಣಗಳಿದ್ದವು. ಆದರೆ ಜನರ ಮನಸ್ಸಿನಲ್ಲಿ ಫೈಬರ್ ಮೈಯ ಬಗ್ಗೆ ಒಂದು ಅಳುಕೂ ಇತ್ತೆಂಬುದನ್ನು ನನ್ನ ವಯಸ್ಸಿನವರು ಬಲ್ಲರು. ಎಮ್ಮೆ ಮೈ ತಿಕ್ಕಿದರೆ ಬಾಗಿಲು ಕಿತ್ತು ಬರುತ್ತದಂತೆ ಎಂದು ನಮ್ಮ ಕಟ್ಟೆಯ ಮೇಲೆ ನಗುತ್ತಿದ್ದೆವು. ನಗುವವರಾರೂ ಆ ಕಾರನ್ನು ಮುಟ್ಟಿ ನೋಡಿದವರಲ್ಲ. ಹೊಸ ವಸ್ತುವಿನ ಗುಣವನ್ನು ಕೊಳ್ಳುವವನಿಗೆ ತೋರಿಸಿಕೊಡುವ ದಾರಿ ಇಲ್ಲದಿದ್ದರೆ ಕಟ್ಟೆಯ ಮಾತೇ ಪರೀಕ್ಷೆಯ ವರದಿಯಾಗಿಬಿಡುತ್ತದೆ.

ಅದೇ ಬೆಂಗಳೂರಿನಲ್ಲಿ ವಿಮಾನ ಕಟ್ಟುವವರು ಇದೇ ವಸ್ತುವನ್ನು ಬೇರೆ ರೀತಿಯಲ್ಲಿ ನಡೆಸಿಕೊಂಡರು. 2001ರ ಜನವರಿ 4ರಂದು ಮೊದಲು ಹಾರಿದ, ಈಗ ತೇಜಸ್ ಎಂದು ಕರೆಯುವ ಯುದ್ಧವಿಮಾನದ ಮೈತೂಕದಲ್ಲಿ ಸುಮಾರು ಶೇಕಡಾ 45ರಷ್ಟು ಇಂಗಾಲದ ಎಳೆಯ ಮಿಶ್ರ ವಸ್ತುವೇ. ಅದರ ಭಾಗಗಳನ್ನು ರೂಪಿಸುವುದರಲ್ಲಿ ಅಲ್ಲಿಯ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಪಾಲು ದೊಡ್ಡದು. ಅಲ್ಲಿ ಒಂದೊಂದು ಭಾಗಕ್ಕೂ ಕಾಗದಪತ್ರ ಇರುತ್ತದೆ. ಯಾವ ದಿನದ ರಾಳ, ಎಷ್ಟು ಶಾಖ, ಎಷ್ಟು ಹೊತ್ತು, ಯಾರು ನೋಡಿದರು ಎಂಬುದೆಲ್ಲ ಬರೆದಿರಬೇಕು. ವಿಮಾನಕ್ಕೆ ಸಾಧ್ಯವಾದಷ್ಟು ಖರ್ಚು ಕಾರಿಗೆ ಸಾಧ್ಯವಿಲ್ಲ, ಒಪ್ಪುತ್ತೇನೆ. ಕಾರ್ಖಾನೆಯಿಂದ ನಿಮಿಷಕ್ಕೊಂದು ಕಾರು ಹೊರಬೀಳುವಲ್ಲಿ ಒಂದೊಂದನ್ನೂ ಒಂದು ದಿನ ನೋಡುತ್ತ ಕೂರಲಾಗದು. ಹಾಗಾದರೆ ಕಾರಿನವರು ಏನು ಮಾಡುತ್ತಾರೆ?

ಅವರ ಪರೀಕ್ಷೆ ಅಂಟು ಹಚ್ಚುವುದಕ್ಕಿಂತ ಮೊದಲೇ ಶುರುವಾಗುತ್ತದೆ. ಇಡ್ಲಿ ತಟ್ಟೆಗೆ ಹಿಟ್ಟು ಹಾಕುವ ಮೊದಲು ಎಣ್ಣೆ ಸವರುತ್ತಾರಷ್ಟೆ. ಅಚ್ಚಿನಿಂದ ಹಲಗೆ ಬಿಟ್ಟು ಬರಲೆಂದು ಇಲ್ಲಿಯೂ ಮೇಣದಂಥ ಪದಾರ್ಥವನ್ನು ಬಳಸುತ್ತಾರೆ. ಹಲಗೆಯ ಮೈಮೇಲೆ ಅದು ಚೂರು ಉಳಿದರೂ ಅಂಟಿಗೆ ಶತ್ರು. ಕಣ್ಣಿಗೆ ಕಾಣದು, ಕೈಗೆ ಹತ್ತದು. ಆದ್ದರಿಂದ ಉಜ್ಜಿ, ಒರೆಸಿ, ಕೊನೆಗೆ ನೀರು ಹಾಕಿ ನೋಡುವ ಒಂದು ಹಳೆಯ ಪದ್ಧತಿ ಇದೆ. ಚೊಕ್ಕಟವಾದ ಮೈಮೇಲೆ ನೀರು ಪೊರೆಯಂತೆ ಹರಡಿ ನಿಲ್ಲುತ್ತದೆ. ಜಿಡ್ಡಿದ್ದರೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ಮುದ್ದೆಯಾಗಿ ಉರುಳುತ್ತದೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲು ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುವಾಗ ರಾಳ-ಸೋಡಾ ಏಕೆ ಬೆರೆಸುತ್ತೇವೆ? ಎಳೆಗಾಯಿಯ ನುಣುಪು ಮೈಮೇಲೆ ಔಷಧ ನಿಲ್ಲಬೇಕು, ಮಳೆಗೆ ತೊಳೆದುಹೋಗಬಾರದು ಎಂದು. ಮೈ ಮತ್ತು ಅಂಟು ಇವೆರಡರ ಜಗಳವನ್ನು ನಾವು ಪ್ರತಿ ಮಳೆಗಾಲವೂ ಬಿಡಿಸುತ್ತಿದ್ದೇವೆ. ನನ್ನ ಗಾಡಿಯ ಮಾಡು ಕಟ್ಟಿದವರು ಆ ಮೇಣವನ್ನು ಉಜ್ಜಿ ತೆಗೆದಿರಲಿಲ್ಲ. ಇಷ್ಟೇ ಸಂಗತಿ.

ಎರಡನೆಯದು ಅಂಟಿನ ಹದ. ಹೆಚ್ಚಿನವು ಎರಡು ಭಾಗದ ಅಂಟುಗಳು. ಪ್ರಮಾಣ ತಪ್ಪಿದರೆ ಗಟ್ಟಿಯಾಗುವುದಿಲ್ಲ. ಬೆರೆಸಿಟ್ಟು ಹೊತ್ತು ಮೀರಿದರೆ ಹಿಡಿಯುವುದಿಲ್ಲ. ದೊಡ್ಡ ಕಾರ್ಖಾನೆಯಲ್ಲಿ ಯಂತ್ರವೇ ಬೆರೆಸಿ ಎಳೆ ಎಳೆಯುತ್ತದೆ, ಎಳೆ ಎಲ್ಲಿಯಾದರೂ ಕಡಿದಿದೆಯೇ ಎಂದು ಕ್ಯಾಮೆರಾ ನೋಡುತ್ತದೆ. ಎರಡು ಚಿಪ್ಪಿನ ನಡುವೆ ಅಂಟು ತೀರ ತೆಳುವೂ ಆಗಬಾರದು. ಅದಕ್ಕೆ ಅಂಟಿನಲ್ಲಿಯೇ ಒಂದೇ ಅಳತೆಯ ಸಣ್ಣ ಗಾಜಿನ ಮಣಿಗಳನ್ನು ಬೆರೆಸುವುದುಂಟು, ಎಷ್ಟು ಒತ್ತಿದರೂ ಮಣಿಯ ದಪ್ಪದಷ್ಟು ಅಂಟು ಉಳಿಯಲೆಂದು. ಇಂಥ ಸರಳ ಉಪಾಯಗಳನ್ನು ಕಂಡಾಗ ನನಗೆ ಖುಷಿಯಾಗುತ್ತದೆ.

ಕೂಡಿಸಿದ ಮೇಲೆ ಬಡಿದು ನೋಡುವುದು. ಇದು ಅತ್ಯಂತ ಹಳೆಯ ಪರೀಕ್ಷೆ, ವಿಮಾನದವರೂ ಇನ್ನೂ ಬಿಟ್ಟಿಲ್ಲ. ಒಂದು ನಾಣ್ಯದಿಂದ ಅಥವಾ ಸಣ್ಣ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಟಕ್ ಟಕ್ ಎಂದು ತಟ್ಟುತ್ತ ಹೋಗಬೇಕು. ಅಂಟಿದ್ದಲ್ಲಿ ಖಣಿ ಖಣಿ, ಬಿಟ್ಟಿದ್ದಲ್ಲಿ ಬೊದ್ದು ಸದ್ದು. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಣ್ಣುಮಕ್ಕಳು, ಹಲಸು ಕೊಳ್ಳುವ ಗಂಡಸರು ಮಾಡುವುದೂ ಇದನ್ನೇ. ಈಗ ಫೈಬರಿನ ನೀರಿನ ತೊಟ್ಟಿ, ಗಾಡಿಯ ಮಾಡು, ಟ್ರ್ಯಾಕ್ಟರಿನ ನೆರಳು ಏನೇ ಕೊಂಡರೂ ದುಡ್ಡು ಎಣಿಸುವ ಮೊದಲು ಅದೇ ದುಡ್ಡಿನಲ್ಲಿ ಒಂದು ನಾಣ್ಯ ತೆಗೆದು ತಟ್ಟಿ ನೋಡಿರೆಂದು ನನ್ನ ಸಲಹೆ. ಕಾರ್ಖಾನೆಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ಶ್ರವಣಾತೀತ ಧ್ವನಿಯ ಯಂತ್ರವನ್ನು ಬಳಸುತ್ತಾರೆ. ಆಸ್ಪತ್ರೆಯಲ್ಲಿ ಬಸುರಿಯ ಹೊಟ್ಟೆಯ ಮೇಲೆ ಅಂಟುನೀರು ಹಚ್ಚಿ ನೋಡುತ್ತಾರಲ್ಲ, ಅದೇ ಜಾತಿಯದು. ಒಳಗೆ ಗಾಳಿಯ ಪದರವಿದ್ದರೆ ಧ್ವನಿ ಅಲ್ಲಿಂದಲೇ ಹಿಂತಿರುಗುತ್ತದೆ.

ಆದರೆ, ಇಲ್ಲಿಯೇ ಮುಖ್ಯ ತೊಡಕು ಇರುವುದು, ಈ ಯಂತ್ರಗಳೂ ಒಂದು ಮಾತನ್ನು ಹೇಳಲಾರವು. ಅಂಟು ಎರಡೂ ಮೈಗಳನ್ನು ಮುಟ್ಟಿದೆ, ನಡುವೆ ಗಾಳಿಯಿಲ್ಲ, ಆದರೆ ಹಿಡಿತವೂ ಇಲ್ಲ. ಇಂಥ ಕೂಡಿಕೆಯಲ್ಲಿ ಧ್ವನಿ ಸಲೀಸಾಗಿ ಹಾದುಹೋಗುತ್ತದೆ, ಯಂತ್ರ ಸರಿ ಎನ್ನುತ್ತದೆ. ಎಂಜಿನಿಯರುಗಳು ಇದಕ್ಕೆ ಬರೀ ಮುತ್ತಿಟ್ಟುಕೊಂಡ ಅಂಟು ಎಂಬರ್ಥದ ಹೆಸರಿಟ್ಟಿದ್ದಾರೆ. ರಸಿಕರೇ ಸರಿ. ನನ್ನ ಗಾಡಿಯ ಮಾಡು ಎರಡು ತಿಂಗಳು ಇದ್ದದ್ದು ಆ ಸ್ಥಿತಿಯಲ್ಲಿ. ಅಂದು ನಾನು ನಾಣ್ಯದಿಂದ ತಟ್ಟಿದ್ದರೂ ಅದು ಖಣಿ ಖಣಿ ಎನ್ನುತ್ತಿತ್ತೋ ಏನೋ.

ಆದ್ದರಿಂದ ಕೊನೆಗೆ ಮುರಿದೇ ನೋಡಬೇಕು. ಅಂಟಿಸಿದ ಕೂಡಿಕೆಯ ಬಲವನ್ನು ಮುರಿಯದೆ ಅಳೆಯುವ ನಂಬಿಕೆಯ ವಿಧಾನ ಇದುವರೆಗೆ ಕೈಗೆ ಬಂದಿಲ್ಲ. ಅದೇ ದಿನದ ಹಲಗೆ, ಅದೇ ದಿನದ ಅಂಟಿನಿಂದ ಒಂದು ಅಂಗುಲ ಅಗಲದ ಪಟ್ಟಿಗಳನ್ನು ತುದಿಯ ಮೇಲೆ ತುದಿಯಿಟ್ಟು ಅಂಟಿಸಿ, ಯಂತ್ರದಲ್ಲಿ ಸಿಕ್ಕಿಸಿ ಎರಡೂ ಕಡೆಗೆ ಜಗ್ಗುತ್ತಾರೆ. ಎಷ್ಟು ಭಾರಕ್ಕೆ ಕಿತ್ತಿತು ಎಂಬುದು ಒಂದು ಲೆಕ್ಕ. ಎಲ್ಲಿ ಕಿತ್ತಿತು ಎಂಬುದು ಅದಕ್ಕಿಂತ ದೊಡ್ಡ ಲೆಕ್ಕ. ಹಲಗೆಯೇ ಸೀಳಿ ಅದರ ಎಳೆಗಳು ಅಂಟಿಗೆ ಹತ್ತಿಕೊಂಡು ಬಂದರೆ ಉತ್ತಮ, ಅಂಟು ಹಲಗೆಗಿಂತ ಗಟ್ಟಿಯೆಂದಾಯಿತು. ಅಂಟೇ ನಡುವೆ ಹರಿದು ಎರಡೂ ಕಡೆ ಉಳಿದರೆ ಮಧ್ಯಮ. ಒಂದು ಕಡೆ ಚೊಕ್ಕಟವಾಗಿ ಸುಲಿದು ಬಂದರೆ, ಎಷ್ಟೇ ಭಾರ ತಡೆದಿದ್ದರೂ, ಮೈ ಸರಿಯಿಲ್ಲ, ಇವತ್ತು ತಡೆದದ್ದು ನಾಳೆ ತಡೆಯದು. ಇಂಥ ಪಟ್ಟಿಗಳನ್ನು ಬಿಸಿ ಹಬೆಯಲ್ಲಿಟ್ಟು, ಚಳಿಯಲ್ಲಿಟ್ಟು, ನೀರಿನಲ್ಲಿ ನೆನೆಸಿ ಮತ್ತೆ ಜಗ್ಗುತ್ತಾರೆ. ಅದಲ್ಲದೆ ಆಗಾಗ ತಯಾರಾಗಿ ಹೊರಗೆ ಹೋಗಬೇಕಾದ ಒಳ್ಳೆಯ ಬಾಗಿಲನ್ನೇ, ಒಮ್ಮೊಮ್ಮೆ ಇಡೀ ಮೈಯನ್ನೇ ತೆಗೆದಿಟ್ಟು ಉಳಿ ಹಾಕಿ ಒಂದೊಂದು ಕೂಡಿಕೆಯನ್ನೂ ಬಿಚ್ಚಿ ನೋಡುತ್ತಾರೆ. 2013ರಲ್ಲಿ ಜರ್ಮನಿಯ ಲೈಪ್ಸಿಗ್‌ನಲ್ಲಿ ಬಿ.ಎಂ.ಡಬ್ಲ್ಯು. ಕಂಪನಿ ಇಂಗಾಲದೆಳೆಯ ಭಾಗಗಳನ್ನು ಅಂಟಿನಿಂದಲೇ ಕೂಡಿಸಿದ ಐ3 ಕಾರನ್ನು ಸಾಲುಸಾಲಾಗಿ ತಯಾರಿಸತೊಡಗಿದಾಗ ಇಂಥ ಪರೀಕ್ಷೆಗಳ ಬಲವಿಲ್ಲದೆ ಆ ಧೈರ್ಯ ಬರುತ್ತಿರಲಿಲ್ಲ.

ಮುರಿದು ನೋಡುವುದು ದಂಡದ ಖರ್ಚೆಂದು ಯಾರಾದರೂ ಹೇಳಿದರೆ ನಾನು ಅವರನ್ನು ನಮ್ಮ ಅಡಿಕೆ ಮಂಡಿಗೆ ಕರೆದೊಯ್ಯುತ್ತೇನೆ. ರಾಶಿಯ ಚೀಲಕ್ಕೆ ಕೈ ಹಾಕಿ ತಳದಿಂದ ನಾಲ್ಕು ಅಡಿಕೆ ತೆಗೆದು ಅಡಕತ್ತರಿಯಲ್ಲಿ ಸೀಳಿ ನೋಡದ ವ್ಯಾಪಾರಿ ಎಲ್ಲಿದ್ದಾನೆ? ಸೀಳಿದ ಅಡಿಕೆ ಹೋಯಿತು ನಿಜ, ಚೀಲದ ಬೆಲೆ ನಿಂತಿತು. ಕಾಫಿಯವರೂ ಹುರಿದು, ಪುಡಿ ಮಾಡಿ, ಬಟ್ಟಲಿಗೆ ಸುರಿದು, ಬಾಯಿಗೆ ಹಾಕಿ ಉಗುಳಿದ ಮೇಲೆಯೇ ದರ ಹೇಳುವುದು. ಹೊರಗಿನ ಹೊಳಪು ನೋಡಿ ಗೊರಬಲನ್ನು ಬೆಟ್ಟೆಯ ಬೆಲೆಗೆ ಕೊಳ್ಳುವವರು ನಾವಲ್ಲ. ಹಾಗಿರುವಾಗ ಪಾಟಿಯಷ್ಟು ಹಲಗೆಯ ಹೊಳಪಿಗೆ ಠೇವಣಿ ಇಡಲು ಹೇಗೆ ಮನಸ್ಸಾಯಿತು?

ಇನ್ನು ನಮ್ಮ ಸಿಪ್ಪೆಯ ಮಾತು. ನಾನು ಈ ಯೋಚನೆಯ ವೈರಿಯಲ್ಲ. ಹಸಿ ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಸುಗ್ಗಿಯಲ್ಲಿ ರಸ್ತೆ ಬದಿಗೆ ಸುರಿದು ಬೆಂಕಿ ಹಚ್ಚುವುದನ್ನು ಹಾನಗಲ್ಲಿನ ದಾರಿಯಲ್ಲಿ ಎಲ್ಲರೂ ಕಂಡಿದ್ದೇವೆ. ಗಿಡದ ನಾರು ಕಾರಿಗೆ ಹೊಸತೂ ಅಲ್ಲ. ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರಿನ ಮೈ ಹತ್ತಿಯ ಕಸ ಮತ್ತು ರಾಳವನ್ನು ಬಿಸಿಯಲ್ಲಿ ಒತ್ತಿ ಮಾಡಿದ್ದು. 1957ರಿಂದ 1991ರವರೆಗೆ ಸುಮಾರು 30 ಲಕ್ಷ ಕಾರುಗಳು ಹಾಗೆ ತಯಾರಾದವು. ಅಗಸೆ, ಸೆಣಬಿನ ನಾರಿನ ಬಾಗಿಲ ಒಳಹಲಗೆಗಳು ಯುರೋಪಿನ ಕಾರುಗಳಲ್ಲಿ ಸಾಮಾನ್ಯವಾಗಿವೆ. ಬ್ರೆಜಿಲಿನ ಪಾರಾ ಪ್ರಾಂತ್ಯದ ರೈತರ ತೆಂಗಿನ ನಾರು ರಬ್ಬರ್ ಹಾಲಿನೊಂದಿಗೆ ಸೇರಿ ವಾಹನದ ಸೀಟುಗಳಾಗಿದೆ. ಅಡಿಕೆ ನಾರನ್ನು ರಾಳದಲ್ಲಿ ಕೂಡಿಸಿ ಎಳೆದು, ಬಗ್ಗಿಸಿ ನೋಡಿದ ವರದಿಗಳು ನಮ್ಮ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಂದಲೂ ಹಲವು ಬಂದಿವೆ. ನಾರನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆದರೆ ರಾಳ ಚೆನ್ನಾಗಿ ಹಿಡಿಯುತ್ತದೆ ಎಂಬುದು ಅವುಗಳಲ್ಲಿ ಮತ್ತೆ ಮತ್ತೆ ಬರುವ ಮಾತು.

ಆದರೆ ಕಾಲೇಜಿನಲ್ಲಿ ಗೇಣುದ್ದದ ತುಂಡು ಗಟ್ಟಿಯಾಗಿ ಬಂದುದಕ್ಕೂ ಲಾರಿ ಲೋಡುಗಟ್ಟಲೆ ಸಿಪ್ಪೆಯಿಂದ ವರ್ಷವಿಡೀ ಒಂದೇ ಗುಣದ ಹಲಗೆ ಬರುವುದಕ್ಕೂ ನಡುವೆ ದೊಡ್ಡ ಹೊಳೆ ಇದೆ. ಗಾಜಿನೆಳೆಯೊಳಗೆ ನೀರು ಇಳಿಯುವುದಿಲ್ಲ. ಗಿಡದ ನಾರು ಗಾಳಿಯಲ್ಲಿರುವ ತೇವವನ್ನೂ ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಉಬ್ಬಿ ಕುಗ್ಗಿ ರಾಳದ ಹಿಡಿತ ಸಡಿಲಾಗುತ್ತದೆ. ತೇವದ ನಾರನ್ನು ಹಾಗೆಯೇ ಬಿಸಿ ಅಚ್ಚಿಗೆ ಹಾಕಿದರೆ ಹಬೆಯೆದ್ದು ಹಲಗೆಯೊಳಗೆ ಗುಳ್ಳೆ. ಮಲೆನಾಡ ಸೆರಗಿನ ಮಳೆಯಲ್ಲಿ ಒಂದು ತಿಂಗಳು ರಾಶಿ ಬಿದ್ದು ಬೂಸ್ಟು ಹಿಡಿದ ಸಿಪ್ಪೆಗೂ ಸವಣೂರ ಬಿಸಿಲಿನಲ್ಲಿ ಗಲಗಲ ಒಣಗಿದ ಸಿಪ್ಪೆಗೂ ಒಂದೇ ಹೆಸರು, ಗುಣ ಬೇರೆ. ಕೆಂಪಡಿಕೆಗೆ ಎಳೆಗಾಯಿ ಸುಲಿದ ಹಸಿ ಸಿಪ್ಪೆ ಬೇರೆ, ಹಣ್ಣಡಿಕೆಯನ್ನು ನಲವತ್ತು ದಿನ ಒಣಗಿಸಿ ಚಾಲಿ ಸುಲಿದಾಗ ಬರುವ ಸಿಪ್ಪೆ ಬೇರೆ. ಇವೆಲ್ಲವನ್ನೂ ಒಂದೇ ಟ್ರ್ಯಾಕ್ಟರಿಗೆ ತುಂಬಿ ಕಳಿಸಿದರೆ ಆ ಕಡೆಯ ಪರೀಕ್ಷೆಯಲ್ಲಿ ಮಾಲು ತಿರಸ್ಕಾರವಾಗುವುದು ಖಂಡಿತ. ಆಗ ನಷ್ಟ ಯಾರ ತಲೆಗೆ? ಕರಾರು ಬರೆದುಕೊಟ್ಟವರ ತಲೆಗೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಗಾದೆ ಕಟ್ಟಿದವರು ಸಿಪ್ಪೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪ್ಲೈವುಡ್ಡಿನ ಉದಾಹರಣೆ ನಮಗೆ ಹತ್ತಿರದ್ದು. ಅದೂ ಅಂಟಿಸಿದ ಹಲಗೆಯೇ. ಐ.ಎಸ್. 710 ಗುರುತಿನ ಮರೈನ್ ಪ್ಲೈ ಎಂದರೆ ಅದರ ತುಂಡನ್ನು 72 ಗಂಟೆ ಕುದಿಸಿ, ಆಮೇಲೆ ಪದರದ ನಡುವೆ ಚಾಕು ತೂರಿಸಿ ಎಬ್ಬಿಸಿ, ಅಂಟು ಬಿಟ್ಟಿತೋ ಮರದ ನಾರೇ ಸೀಳಿತೋ ನೋಡುವ ನಿಯಮವಿದೆ. ಈ ಗುರುತಿನ ಹಿಂದೆ ಒಂದು ಬರೆದಿಟ್ಟ ಪರೀಕ್ಷೆ ಇರುವುದರಿಂದಲೇ ಅಂಗಡಿಯಲ್ಲಿ ಕೊಳ್ಳುವವನು ತಾನು ಕುದಿಸಿ ನೋಡಬೇಕಾಗಿಲ್ಲ. ಅಡಿಕೆ ನಾರಿನ ಹಲಗೆ ಹಿಡಿದು ಬಂದ ಮಹನೀಯರಲ್ಲಿ ಇಂಥ ಒಂದು ಕಾಗದವೂ ಇರಲಿಲ್ಲ.

ನಮ್ಮಲ್ಲಿ ಕೆಲವು ತರುಣ ಸದಸ್ಯರ ವಾದ ಬೇರೆ ಇದೆ. ಇಷ್ಟೆಲ್ಲ ಪರೀಕ್ಷೆ ಕೊಳ್ಳುವವರ ಕೆಲಸ, ನಾವು ಸಿಪ್ಪೆ ಕೊಟ್ಟು ದುಡ್ಡು ಎಣಿಸಿದರೆ ಸಾಲದೇ ಎನ್ನುತ್ತಾರೆ. ತಡ ಮಾಡಿದರೆ ಬೇರೆ ತಾಲ್ಲೂಕಿನವರು ಮುಂದಾಗುತ್ತಾರೆಂದೂ ಹೇಳುತ್ತಾರೆ. ಅವರ ಆತುರ ನನಗೆ ಅರ್ಥವಾಗುತ್ತದೆ, ಶಿಗ್ಗಾಂವಿ ಸವಣೂರ ಬಯಲಿನಲ್ಲಿ ಬೋರಿನ ನೀರು ನಂಬಿ ಹೊಸ ತೋಟ ಹಾಕಿದವರಿಗೆ ಒಂದೊಂದು ರೂಪಾಯಿಯೂ ಬೇಕಾಗಿದೆ. ಬರೀ ಸಿಪ್ಪೆ ಮಾರುವುದಾದರೆ ಅವರ ವಾದ ಸರಿ. ಆದರೆ ಇಲ್ಲಿ ಕೇಳುತ್ತಿರುವುದು ಸಿಪ್ಪೆಯನ್ನಲ್ಲ, ಯಂತ್ರದ ಠೇವಣಿಯನ್ನು. ಬಂಡವಾಳ ಹಾಕಿದ ಗಳಿಗೆಯಿಂದ ಪರೀಕ್ಷೆಯಲ್ಲಿ ಫೇಲಾದ ಹಲಗೆಯಲ್ಲಿ ನಮ್ಮದೂ ಪಾಲು. ಇನ್ನೊಂದು ಮಾತು: ಸಿಪ್ಪೆ ಕಸವಲ್ಲ. ಅದು ನಿಧಾನವಾಗಿ ಕೊಳೆತರೂ ಮರದ ಬುಡಕ್ಕೆ ಹೊದಿಕೆ, ಗೊಬ್ಬರ. ಅಡಿಕೆ ಬೇಯಿಸುವ ಒಲೆಗೆ ಉರುವಲು. ಅದರಲ್ಲಿರುವ ಪೊಟ್ಯಾಷು ನಮ್ಮ ಮಣ್ಣಿನದೇ. ತೋಟಕ್ಕೆ ಹಾಕಿದರೆ ಉಳಿಯುವ ಗೊಬ್ಬರದ ಖರ್ಚಿಗಿಂತ ಕಡಿಮೆ ಬೆಲೆಗೆ ಅದನ್ನು ಕೊಟ್ಟರೆ ಲಾಭವೆಂಬುದು ಕಾಗದದ ಮೇಲೆ ಮಾತ್ರ.

ನನ್ನ ಅಭಿಪ್ರಾಯ ಇಷ್ಟು. ಸಂಘವು ಈಗ ಒಂದು ಪೈಸೆಯೂ ಠೇವಣಿ ಇಡಬಾರದು. ಕೊಳ್ಳುವ ಕಾರ್ಖಾನೆ ಯಾವುದೆಂಬುದು ಮೊದಲು ಲಿಖಿತದಲ್ಲಿ ಬರಲಿ, ನಡುವಿನವರ ಬಾಯಿಮಾತು ಬೇಡ. ನಾರಿನ ತೇವ ಎಷ್ಟಿರಬೇಕು, ಉದ್ದ ಎಷ್ಟು, ಬೂಸ್ಟು ಎಷ್ಟರವರೆಗೆ ನಡೆಯುತ್ತದೆ, ಯಾವ ಸಿಪ್ಪೆ ಬೇಕು ಎಂಬುದನ್ನು ಅವರು ಬರೆದುಕೊಡಲಿ. ನೆನೆಸಿದ ಮೇಲೆ, ಬಿಸಿಯಲ್ಲಿಟ್ಟ ಮೇಲೆ ಹಲಗೆಯ ತುಂಡುಗಳನ್ನು ಜಗ್ಗಿ ಮುರಿದ ಪರೀಕ್ಷೆಯ ವರದಿ ತೋರಿಸಲಿ, ಮುರಿದ ತುಂಡುಗಳನ್ನೂ ತಂದು ಮೇಜಿನ ಮೇಲಿಡಲಿ. ಮಾಲು ತಿರಸ್ಕಾರವಾದರೆ ಸಾಗಾಣಿಕೆ ಖರ್ಚು ಯಾರದು ಎಂಬುದು ಕರಾರಿನಲ್ಲಿ ಇರಲಿ. ಇದಕ್ಕೆಲ್ಲ ಒಪ್ಪುವ ಕಾರ್ಖಾನೆ ಬಂದರೆ ಕೈ ಎತ್ತುವವರಲ್ಲಿ ನಾನು ಮೊದಲನೆಯವ.

ಅಷ್ಟರವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಖರ್ಚಿಲ್ಲದ ಒಂದು ಕೆಲಸ ಇದೆ. ಪ್ರತಿ ಊರಿನಲ್ಲಿ ಇಬ್ಬರು ಮೂವರು ಸದಸ್ಯರು ಈ ಸುಗ್ಗಿಯಲ್ಲಿ ಸಿಪ್ಪೆಯನ್ನು ಬೇರ್ಪಡಿಸಿ ಒಣಗಿಸಿ, ಸುಲಿದ ತಾರೀಖು, ಒಣಗಿದ ದಿನ, ಹಸಿ ತೂಕ, ಒಣ ತೂಕ ಬರೆದಿಡಲಿ. ಒಂದು ಗಾಡಿ ಹಸಿ ಸಿಪ್ಪೆಗೆ ಎಷ್ಟು ಒಣ ಸಿಪ್ಪೆ ಬಂತು, ಎಷ್ಟು ಜಾಗ ಹಿಡಿಯಿತು, ಎಷ್ಟು ಆಳು ಬೇಕಾಯಿತು ಎಂಬ ಲೆಕ್ಕ ನಮ್ಮಲ್ಲಿ ಒಬ್ಬರ ಬಳಿಯೂ ಇಲ್ಲ. ಕೊಳ್ಳುವವರು ಬಂದ ದಿನ ನಾವು ತೋರಿಸಬೇಕಾದ್ದು ಅದೇ. ಧಾರವಾಡದ ಬಳಿ ಟಾಟಾ ಮಾರ್ಕೊಪೋಲೊ ಹೆಸರಿನಲ್ಲಿ ಶುರುವಾದ ಬಸ್ಸಿನ ಕಾರ್ಖಾನೆ ನಮ್ಮ ಹೆದ್ದಾರಿಯ ಮೇಲೆಯೇ ಇದೆ. ಅಂಥ ಕಡೆ ಹೋಗಿ ಕೇಳುವುದಾದರೂ ಕೈಯಲ್ಲಿ ಲೆಕ್ಕ ಇಟ್ಟುಕೊಂಡು ಹೋಗಬೇಕು.

ನಾನು ಆರಂಭ ಮಾಡಿದ್ದೇನೆ. ಎರಡು ಚೀಲ ಚಾಲಿಯ ಸಿಪ್ಪೆ, ಎರಡು ಚೀಲ ಹಸಿ ಸುಲಿದದ್ದು, ಬೇರೆ ಬೇರೆ ಒಣಗಿಸಿ ಕಣದ ಕೋಣೆಯಲ್ಲಿ ಇಟ್ಟಿದ್ದೇನೆ, ಚೀಲಕ್ಕೆ ಚೀಟಿ ಕಟ್ಟಿದೆ. ಪಕ್ಕದಲ್ಲೇ ಆ ಫೈಬರ್ ಮಾಡಿನ ಚಿಪ್ಪೂ ಗೋಡೆಗೆ ಒರಗಿಕೊಂಡಿದೆ. ಸುಲಿದು ಬಂದ ಅಂಚು ಹೇಗಿರುತ್ತದೆ ಎಂದು ನೋಡಬಯಸುವವರು ಸಂತೆಯ ದಿನ ಬಿಟ್ಟು ಯಾವತ್ತಾದರೂ ಬರಬಹುದು.